ಚಾಕು ಮೊಂಡು ಮಾಡಿಕೊಳ್ಳುತ್ತಿದ್ದವನು

"ಇನ್ಮೇಲೆ ಈ ಚಾಕು ತರಬೇಡಿ," ಎಂದಳು ಸಾಣೆ ಅಂಗಡಿಯವಳು.

ಪಾರ್ಸೆಲ್ ಆಫೀಸಿನ ಗುಮಾಸ್ತನ ಜೀವ ಬಾಯಿಗೆ ಬಂತು. "ಯಾಕೆ? ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಅಲಗು ನೋಡಿ, ಎಷ್ಟು ಸವೆದಿದೆ. ಇನ್ನೊಂದು ಸಲ ಕಲ್ಲಿಗೆ ಹಿಡಿದ್ರೆ ಮುರಿದೇ ಹೋಗುತ್ತೆ."

ಅವನ ಹಿಂದೆ ಯಾರೋ ದರ್ಜಿ ಕತ್ತರಿ ಹಿಡಿದು ಕಾಯುತ್ತಿದ್ದ. ಗುಮಾಸ್ತ "ಸರಿ" ಎಂದು ಚಾಕು ಮಡಚಿ ಜೇಬಿಗೆ ಹಾಕಿಕೊಂಡು ಹೊರಟ.

ಅದು ಅವನ ತಾತನ ಕಾಲದ ಮಡಚುವ ಚಾಕು. ಕೊಂಬಿನ ಹಿಡಿ, ಹಿತ್ತಾಳೆ ಮೊಳೆ. ಬೆಳಿಗ್ಗೆ ಸೇಬು ಹೆಚ್ಚುವುದಕ್ಕೆ, ಆಫೀಸಿನಲ್ಲಿ ಪಾರ್ಸೆಲ್ ದಾರ ಕತ್ತರಿಸುವುದಕ್ಕೆ, ಪೆನ್ಸಿಲ್ ಚೂಪು ಮಾಡುವುದಕ್ಕೆ ಅದೇ. ಕನ್ನಡಕ ಮರೆತು ಬಂದಾನು, ಚಾಕು ಮರೆಯಲಾರ ಎಂದು ಜೊತೆಯವರು ಕಾಲೆಳೆಯುತ್ತಿದ್ದರು. ಆಮೇಲೆ ತಂತಮ್ಮ ಮನೆಗೆ ಹೋಗುತ್ತಿದ್ದರು. ಅವನಿಗೂ ಒಂದು ಮನೆಯಿತ್ತು, ಮನೆಯೊಳಗೆ ಜನ ಇರಲಿಲ್ಲ. ಅಕ್ಕ ಅಪರೂಪಕ್ಕೆ ಫೋನ್ ಮಾಡಿ "ಊಟ ಆಯ್ತೇನೋ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಇಡುತ್ತಿದ್ದಳು.

ಅವನ ಜೊತೆ ಮಾತಾಡಲೆಂದೇ ಸಾಣೆಯ ಮೋಟರ್ ಆರಿಸುತ್ತಿದ್ದವಳು ಈ ಅಂಗಡಿಯವಳೊಬ್ಬಳೇ. "ಮತ್ತೆ ಮೊಂಡಾಯ್ತಾ? ನೀವೇನು ದಾರ ಕತ್ತರಿಸ್ತೀರೋ, ಕಬ್ಬಿಣ ಕೊಯ್ತೀರೋ?" ಎಂದು ಓರೆಗಣ್ಣಲ್ಲಿ ನೋಡುತ್ತಿದ್ದಳು. ಆ ನೋಟಕ್ಕಾಗಿ ಗುಮಾಸ್ತ ನಾಚಿಕೆ ಬಿಟ್ಟು ಒಂದು ಕೆಲಸ ಮಾಡುತ್ತಿದ್ದ: ಮನೆಯ ಮೆಟ್ಟಿಲ ಕಲ್ಲಿಗೆ ಅಲಗು ಉಜ್ಜಿ ಉಜ್ಜಿ ಮೊಂಡು ಮಾಡುತ್ತಿದ್ದ. ತಾತ ನೋಡಿದ್ದರೆ ಬೆನ್ನಿಗೆ ನಾಲ್ಕು ಬಿಡುತ್ತಿದ್ದ.

ಈಗ ಅದೂ ಮುಗಿಯಿತು.

ಆಫೀಸು ಬಿಟ್ಟವನು ಬೇರೆ ಬೀದಿ ಹಿಡಿದು ಮನೆಗೆ ಹೋಗತೊಡಗಿದ. ಸೇಬು ಹೆಚ್ಚಿ ತಟ್ಟೆಯಲ್ಲಿಟ್ಟರೆ ತಿನ್ನಲು ಮನಸ್ಸಿಲ್ಲ. ಟಿ.ವಿ. ಹಾಕಿದರೆ ಎಲ್ಲರೂ ಯಾರದೋ ಜೊತೆ ಮಾತಾಡುತ್ತಿದ್ದಾರೆ. ಒಂಟಿತನ ಅವನಿಗೆ ಹೊಸದಲ್ಲ. ಆದರೆ ಅವಳ ದನಿ ಕೇಳಿ ಅಭ್ಯಾಸವಾದ ಮೇಲೆ ಅದು ತಡೆಯಲಾಗದಷ್ಟು ನೋಯುತ್ತಿತ್ತು.

ಕೊನೆಗೊಂದು ಸಂಜೆ ಕಾಲುಗಳು ತಾವಾಗಿಯೇ ಅಂಗಡಿಯ ಕಡೆ ತಿರುಗಿದವು. ಅವಳು ಮೋಟರ್ ಆರಿಸಿದಳು.

"ಏನು ತಂದ್ರಿ?"

"ಏನೂ ಇಲ್ಲ." ಅವನು ಖಾಲಿ ಕೈ ತೋರಿಸಿದ. "ಒಂದು ವಿಷಯ ಹೇಳ್ಬೇಕಿತ್ತು. ಆ ಚಾಕು ತಾನಾಗಿ ಮೊಂಡಾಗ್ತಿರಲಿಲ್ಲ. ನಾನೇ ಕಲ್ಲಿಗೆ ಉಜ್ಜುತ್ತಿದ್ದೆ. ಇಲ್ಲಿಗೆ ಬರೋಕೆ."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಗೊತ್ತು. ದಾರದ ಸವೆತ ಯಾವುದು, ಕಲ್ಲಿನ ಗೀರು ಯಾವುದು ಅಂತ ನಂಗೆ ತಿಳಿಯಲ್ವಾ? ಅದಕ್ಕೇ ಇತ್ತೀಚೆಗೆ ನಾನು ಸಾಣೆಗೆ ಹಿಡೀತಾನೇ ಇರಲಿಲ್ಲ. ಒಳಗೆ ತಗೊಂಡು ಹೋಗಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಕೊಡ್ತಿದ್ದೆ."

"ಅಯ್ಯೋ! ನಿಮ್ಮ ಕೈಚಳಕ ಹೋಯ್ತು ಅಂದ್ಕೊಂಡಿದ್ದೆ. ಸೇಬು ಹೆಚ್ಚಿದ್ರೆ ಜಜ್ಜಿ ಹೋಗ್ತಿತ್ತು."

"ನನ್ನ ಕೈಚಳಕವಾ?" ಅವಳ ಹುಬ್ಬು ಮೇಲೇರಿತು. "ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಹೇಳಿದ್ರೆ ಬೇರೆ ಅಂಗಡಿಗೆ ಹೋಗಿ ಅಂದುಬಿಟ್ರೆ?"

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣು ತುಂಬಿಕೊಂಡಿತು. ಮುಖ ಆ ಕಡೆ ತಿರುಗಿಸಿ, ಸುಮ್ಮನೆ ಒಂದು ಕತ್ತರಿಯನ್ನು ಎತ್ತಿ ಇನ್ನೊಂದು ಕಡೆ ಇಟ್ಟಳು.

"ಮತ್ತೆ ಯಾಕೆ ತರಬೇಡಿ ಅಂದ್ರಿ?" ಎಂದು ಅವನು ಕೇಳಿದ.

"ನಿಮ್ಮ ತಾತನ ಚಾಕು ಹಾಳಾಗ್ಬಾರ್ದು ಅಂತ. ಚಾಕು ತರಬೇಡಿ ಅಂದೆ. ನಿಮ್ಮನ್ನ ಬರಬೇಡಿ ಅಂದ್ನಾ?"

ಅವಳು ಬೆಂಚಿನ ಮೇಲಿದ್ದ ಕಬ್ಬಿಣದ ಪುಡಿ ಕೊಡವಿ ಜಾಗ ಮಾಡಿದಳು.

"ಇಷ್ಟು ದಿನ ದಾರಿ ನೋಡಿ ಸಾಕಾಯ್ತು. ಕೂತ್ಕೊಳ್ಳಿ," ಎಂದಳು. "ಮನೆಗೆ ಹೋದ್ರೆ ನಂಗೂ ಮಾತಾಡೋಕೆ ಯಾರಿದ್ದಾರೆ?"