ಚೆಂದದ ದೆವ್ವ

ದೆವ್ವ ತೆರೆಯ ಮೇಲೆ ಮುಖವೆತ್ತಿದ ಕೂಡಲೇ ಇಡೀ ಥಿಯೇಟರ್ ಗೊಳ್ಳೆಂದು ನಕ್ಕಿತು.

“ಇಷ್ಟು ಚೆನ್ನಾಗಿದ್ರೆ ನಮ್ಮನೇಗೂ ಕಳಿಸ್ರಪ್ಪಾ!” ಹಿಂದಿನ ಸಾಲಿನವನೊಬ್ಬ ಕೂಗಿದ. ಇನ್ನೊಬ್ಬ ಸಿಳ್ಳೆ ಹಾಕಿದ.

ಮೇಕಪ್ ಮಾಸ್ಟರ್ ಸೀಟಿನಲ್ಲೇ ಹಿಡಿಯಷ್ಟಾದ. ಪಕ್ಕದಲ್ಲಿ ಸಾಕ್ಷಾತ್ ಆ ದೆವ್ವವೇ, ಅಂದರೆ ಆ ಪಾತ್ರದ ನಟಿ, ಶಾಲನ್ನು ಮೂಗಿನವರೆಗೆ ಎಳೆದುಕೊಂಡು ಕುಳಿತಿದ್ದಳು. ಹಿಂದೆ ಬಂದಿದ್ದ ಮೊದಲ ಸಿನಿಮಾದಲ್ಲಿ ಕಂಡದ್ದು ಅವಳ ಬೆನ್ನು, ಕೂದಲು, ಬಾಗಿಲ ಸಂದಿಯಿಂದ ಚಾಚಿದ ಒಂದು ಕೈ ಮಾತ್ರ. ಅಷ್ಟಕ್ಕೇ ಜನ ಕಿಟಾರನೆ ಕಿರುಚಿದ್ದರು. ಅದರ ಮುಂದುವರಿದ ಭಾಗವಾದ ಈ ಸಿನಿಮಾದಲ್ಲಿ ಮುಖ ತೋರಿಸೋಣ ಎಂದರು ನಿರ್ದೇಶಕರು. ಅವಳು ಆ ದಿನ ಸೆಟ್ಟಿಗೆಲ್ಲ ಸಿಹಿ ಹಂಚಿದ್ದಳು, ಪಾಪ.

ಇಂಟರ್‌ವಲ್ ಆಗುತ್ತಲೇ ಅವಳು ಎದ್ದು ಹೊರಟಳು. ಮಾಸ್ಟರ್ ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದ.

“ಬಿಡಿ ಮಾಸ್ಟರ್. ನಂಗೆ ನಟನೆ ಬರಲ್ಲ, ಅಷ್ಟೇ. ನಾಳೆಯಿಂದ ಅಕ್ಕನ ಟೈಲರ್ ಅಂಗಡೀಲಿ ಕೂತು ಗುಂಡಿ ಹೊಲೀತೀನಿ.”

ಸುಮ್ಮನಿದ್ದರೆ ಅವನ ಮಾನ ಉಳಿಯುತ್ತಿತ್ತು. ಅವಳು ಮಾತ್ರ ಮತ್ತೆಂದೂ ಕ್ಯಾಮೆರಾ ಮುಂದೆ ನಿಲ್ಲುತ್ತಿರಲಿಲ್ಲ.

“ತಪ್ಪು ನಿಮ್ದಲ್ಲ ಮೇಡಂ. ನಂದು.”

“ಅಂದ್ರೆ?”

“ಹರಿದ ಕೆನ್ನೆ, ಕುಳಿಬಿದ್ದ ಕಣ್ಣು, ಕೊಳೆತ ತುಟಿ... ಎಲ್ಲಾ ಮಾಡ್ಬೇಕಿತ್ತು. ನೀವು ಕಣ್ಮುಚ್ಕೊಂಡು ಏನೋ ಹಾಡು ಗುನುಗ್ತಾ ಕೂತಿರ್ತಿದ್ರಿ. ಗಾಯ ಅಂಟಿಸ್ತಿದ್ದೆ, ನೋಡೋಕಾಗ್ತಿರ್ಲಿಲ್ಲ. ಸ್ವಲ್ಪ ಒರೆಸ್ತಿದ್ದೆ. ಮಾರನೇ ದಿನ ಇನ್ನೂ ಸ್ವಲ್ಪ.” ಅವನು ತಲೆ ತಗ್ಗಿಸಿದ. “ಸೆಟ್ಟಿನ ಮಬ್ಬು ಬೆಳಕಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ನಿಮ್ಮ ಮುಖ ಕೆಡಿಸೋಕೆ ನಂಗೆ ಮನಸ್ಸು ಬರ್ಲಿಲ್ಲ. ನೀವಂದ್ರೆ ನಂಗೆ... ಪ್ರಾಣ.”

ಪಾಪ್‌ಕಾರ್ನ್ ಹಿಡಿದವರು ಇಬ್ಬರನ್ನೂ ಸವರಿಕೊಂಡು ಹೋದರು. ಅವಳ ಕಣ್ಣು ಕೆಂಪಾಯಿತು.

“ನನ್ನ ಹೊಟ್ಟೆ ಮೇಲೆ ಹೊಡೆದು, ಅದಕ್ಕೆ ಪ್ರೀತಿ ಅಂತ ಹೆಸರಿಡ್ತೀರಾ? ಅಷ್ಟು ಜನ ನಕ್ರು ಮಾಸ್ಟರ್, ನನ್ನ ನೋಡಿ!”

ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು.

ನಾಲ್ಕು ಮೆಟ್ಟಿಲು ಇಳಿದವಳು ತಿರುಗಿ ನೋಡಿದಳು. “ನಾಳೆ ಮೇಕಪ್ ಪೆಟ್ಟಿಗೆ ತಗೊಂಡು ಅಕ್ಕನ ಅಂಗಡಿಗೆ ಬನ್ನಿ.”

ಮರುದಿನ ಬೆಳಿಗ್ಗೆ, ಅಂಗಡಿಯ ಹಿಂದಿನ ಕೋಣೆಯ ನಿಲುವುಗನ್ನಡಿಯ ಮುಂದೆ ಅವಳು ಕುಳಿತಳು. ಕಣ್ಣು ಮುಚ್ಚಲಿಲ್ಲ, ಹಾಡಲೂ ಇಲ್ಲ. ಅವನ ಕೈಯನ್ನೇ ದಿಟ್ಟಿಸಿದಳು. ಈ ಸಲ ಅವನು ಒರೆಸಲಿಲ್ಲ. ಕೆನ್ನೆ ಹರಿಯಿತು, ಕಣ್ಣು ಕುಳಿಬಿತ್ತು, ತುಟಿ ಕಪ್ಪಿಟ್ಟಿತು. ಪ್ರತಿ ಗಾಯಕ್ಕೂ ಅವನ ಎದೆ ಚುರುಕ್ ಎಂದಿತು.

ಅಷ್ಟರಲ್ಲಿ ಅಕ್ಕ ಟೀ ತಟ್ಟೆ ಹಿಡಿದು ಒಳಗೆ ಬಂದಳು. ತಂಗಿ ಕುರ್ಚಿಯಿಂದ ಏಳದೆ, ಕತ್ತನ್ನಷ್ಟೇ ನಿಧಾನವಾಗಿ ತಿರುಗಿಸಿ ಅಕ್ಕನನ್ನು ನೋಡಿದಳು. ಲೋಟಗಳು ನೆಲಕ್ಕೆ ಬಿದ್ದವು. ಅಕ್ಕನ ಚೀರಾಟ ಬೀದಿ ಮುಟ್ಟಿತು.

“ನಾಯಿಗೆ ಹುಟ್ಟಿದ್ದೇ! ಎದೆ ಒಡೆದು ಸಾಯ್ತಿದ್ನಲ್ಲೇ!” ಹೊರಗೆ ಓಡಿದ ಅಕ್ಕನ ಬೈಗುಳ ಅಲ್ಲಿಂದಲೇ ಕೇಳಿಸಿತು.

“ನೋಡಿದ್ರಾ? ನಂಗೆ ನಟನೆ ಬರುತ್ತೆ,” ಎಂದಳು ಅವಳು.

“ಬರುತ್ತೆ ಮೇಡಂ. ನಾನೇ ಅಡ್ಡ ನಿಂತಿದ್ದೆ. ಇವತ್ತೇ ನಿರ್ದೇಶಕರ ಹತ್ರ ಹೋಗಿ ಎಲ್ಲಾ ಹೇಳ್ತೀನಿ.”

“ಹೇಳಿ. ಅದಕ್ಕೆ ಮೊದಲು ಇನ್ನೊಂದು.” ಆ ಘೋರ ಮುಖವನ್ನು ಅವನ ಮುಖದ ಹತ್ತಿರ ತಂದಳು. “ನಿನ್ನೆ ಮೆಟ್ಟಿಲ ಮೇಲೆ ಹೇಳಿದ್ದನ್ನ ಈ ಮುಖ ನೋಡ್ಕೊಂಡು ಹೇಳಿ.”

ಅವನು ಕಣ್ಣು ತಪ್ಪಿಸಲಿಲ್ಲ. “ನೀವಂದ್ರೆ ನಂಗೆ ಪ್ರಾಣ.”

ಕುಳಿಬಿದ್ದ ಕಣ್ಣಿನಲ್ಲಿ ನೀರು ತುಂಬಿತು.

“ಅಳ್ಬೇಡಿ, ಅಂಟು ಬಿಡುತ್ತೆ.”

“ಬಿಡ್ಲಿ,” ಎಂದು ಅವಳು ಕೊನೆಗೂ ಕಣ್ಣು ಮುಚ್ಚಿದಳು. “ನಿಧಾನವಾಗಿ ತೆಗೀರಿ. ನಂಗೇನೂ ಅವಸರ ಇಲ್ಲ.”