ಹದಿನಾರು ಸಾಲಿನ ತಿದ್ದುಪಡಿ

ಅಣ್ಣನ ಮಗಳು ವೇದಿಕೆಯ ಮೇಲೆ ನಲವತ್ತು ನಿಮಿಷ ಮಾತನಾಡಿದಳು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್‌ನಲ್ಲಿ, ನೆಟ್‌ವರ್ಕಿನಿಂದ ನುಗ್ಗಿ ಬರುವ ಮಾಹಿತಿಯ ತುಣುಕುಗಳಾದ ಪ್ಯಾಕೆಟ್‌ಗಳನ್ನು ಸಾಲಾಗಿ ನಿಲ್ಲಿಸುವ ಹೊಸ ಉಪಾಯದ ಬಗ್ಗೆ. ಉಪಾಯ ಕೆಳಗೆ ಸಭೆಯಲ್ಲಿ ಕೂತಿದ್ದ ಚಿಕ್ಕಪ್ಪನದು. ತಂದೆಯಿಲ್ಲದ ಹುಡುಗಿಗೆ ಅಡುಗೆಮನೆಯ ಮೇಜಿನ ಮೇಲೆ ಕೋಡ್ ಕಲಿಸುತ್ತಾ ಅವನೇ ಹೇಳಿಕೊಟ್ಟದ್ದು. ಅಷ್ಟು ಹೊತ್ತಿನಲ್ಲಿ ಒಂದು ಸಲವೂ ಚಿಕ್ಕಪ್ಪನ ಹೆಸರು ಅವಳ ಬಾಯಿಗೆ ಬರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವನೂ ತಟ್ಟಿದ. ಎದೆ ಒಡೆದದ್ದು ಪಕ್ಕದ ಕುರ್ಚಿಯವನಿಗೂ ಗೊತ್ತಾಗಲಿಲ್ಲ.

ಎಂಟು ತಿಂಗಳಾದರೂ ಅವನು ಅವಳ ಫೋನ್ ಎತ್ತಲಿಲ್ಲ.

"ಹುಡುಗಿ ಇವತ್ತೂ ಫೋನ್ ಮಾಡಿದ್ಳು ರೀ," ಎಂದಳು ಹೆಂಡತಿ. "ಚಿಕ್ಕಪ್ಪನ ಹತ್ರ ಏನೋ ಹೇಳ್ಬೇಕಂತೆ. ಒಂದ್ಸಲ ಮಾತಾಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಕೆಲ್ಸ ಇದೆ," ಎಂದ.

ಕೆಲಸವೇನೋ ಇತ್ತು. ಕರ್ನೆಲ್‌ನ ಆ ಭಾಗಕ್ಕೆ ಅವನೇ ಪರಿಶೀಲಕ. ಅಣ್ಣನ ಮಗಳು ಕಳುಹಿಸಿದ ಹದಿನಾರು ಸಾಲಿನ ತಿದ್ದುಪಡಿ ಅವನ ಪರಿಶೀಲನೆಗೆ ಬಂದು ಕೂತಿತ್ತು. ಸಂಪರ್ಕ ನಡುವೆ ಕಡಿದುಹೋದಾಗ ಯಂತ್ರ ಸ್ತಬ್ಧವಾಗುವ ಹಳೆಯ ದೋಷಕ್ಕೆ ಮದ್ದು. ಕೋಡಿನ ಮೇಲೆ ಅವಳು ಬರೆದಿದ್ದ ಪತ್ರ ಓದಲು ಮನಸ್ಸಾಗಲಿಲ್ಲ. ಅವಳ ದನಿ ಕೇಳಲಾರದವನು ಅವಳ ಬರಹವನ್ನು ಹೇಗೆ ಓದಿಯಾನು? ನೇರವಾಗಿ ಕೋಡಿಗೆ ಇಳಿದ. ಹನ್ನೊಂದನೆಯ ಸಾಲಿನಲ್ಲಿ ಕಣ್ಣು ನಿಂತಿತು. ಸಂಪರ್ಕ ಮುಚ್ಚುವಾಗ ಪ್ಯಾಕೆಟ್ಟಿನ ಮೆಮೊರಿಯನ್ನು ಬಿಟ್ಟುಕೊಟ್ಟಿದ್ದಳು, ಆದರೆ ಅದರ ಟೈಮರ್ ನಿಲ್ಲಿಸಿರಲಿಲ್ಲ. ಮನೆ ಖಾಲಿ ಮಾಡಿದ ಬಾಡಿಗೆದಾರ ಬೀಗದಕೈ ಇಟ್ಟುಕೊಂಡು ಹೋದ ಹಾಗೆ. ಸಾವಿರಕ್ಕೊಮ್ಮೆಯಾದರೂ ಆ ಟೈಮರ್ ಈಗ ಬೇರೆಯವರಿರುವ ಜಾಗಕ್ಕೆ ನುಗ್ಗುತ್ತದೆ, ಇಡೀ ಯಂತ್ರ ಕುಸಿಯುತ್ತದೆ.

ಒಂದು ಸಾಲಿನ ಟಿಪ್ಪಣಿ ಸಾಕಿತ್ತು. ಅವನು ಬರೆಯಲಿಲ್ಲ.

ಅದರ ಬದಲು ಇಲ್ಲೊಂದು ಖಾಲಿ ಜಾಗ ಹೆಚ್ಚಾಯಿತು, ಅಲ್ಲೊಂದು ಹೆಸರು ಉದ್ದವಾಯಿತು ಎಂದು ಕೊಂಕು ತೆಗೆದ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದವನ ಹಾಗೆ. ಅವಳು ಅದೇ ದಿನ ಎಲ್ಲ ಸರಿಪಡಿಸಿ ಕಳುಹಿಸಿದಳು. 'ಪರಿಶೀಲಿಸಿದ್ದೇನೆ' ಎಂದು ಹೆಸರು ಹಾಕಿದ. ನಾಳೆ ದೋಷ ಬಯಲಾದರೆ ಪರಿಶೀಲಕನನ್ನು ಯಾರೂ ಬೈಯುವುದಿಲ್ಲ. ವಯಸ್ಸಾಯಿತು, ಕಣ್ತಪ್ಪಿತು ಅನ್ನುತ್ತಾರೆ ಅಷ್ಟೆ. ಬರೆದವರ ಹೆಸರು ಮಾತ್ರ ಆ ಸಾಲುಗಳಿಗೆ ಅಂಟಿಕೊಂಡಿರುತ್ತದೆ. ಮುಖ್ಯ ಕೋಡಿಗೆ ಸೇರಿತೆಂದರೆ ಅದನ್ನು ತೆಗೆಯುವುದು ಯಾರಿಂದಲೂ ಆಗದು. ತನ್ನ ಹೆಸರು ನುಂಗಿದವಳ ಹೆಸರಿಗೆ ಮಸಿ ಬಳಿಯಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ?

ಆರು ವಾರಗಳಲ್ಲಿ ಹೊಸ ಆವೃತ್ತಿ ಬಿಡುಗಡೆಯಾಯಿತು. ಒಂದು ಬೆಳಿಗ್ಗೆ ಸುಳ್ಳು ಹೆಸರಿನ ವಿಳಾಸದಿಂದ ಅವನು ಕರ್ನೆಲ್ ಗುಂಪಿಗೆ ದೂರು ಬರೆದ. ಯಂತ್ರವನ್ನು ಬೀಳಿಸಿ ತೋರಿಸುವ ಪುಟ್ಟ ಪ್ರೋಗ್ರಾಮನ್ನೂ ಲಗತ್ತಿಸಿದ. "ಇದನ್ನು ಬರೆದವರ ಕೈಗೆ ಇನ್ನು ಮುಂದೆ ಕರ್ನೆಲ್ ಕೊಡಬಾರದು" ಎಂದು ಮುಗಿಸಿದ. ಕೀಬೋರ್ಡಿನ ಮೇಲೆ ಅಕ್ಷರ ಹುಡುಕುತ್ತಿದ್ದ ಅವಳ ಪುಟ್ಟ ಬೆರಳುಗಳು ನೆನಪಾಗಿ ಕಣ್ಣು ತುಂಬಿತು. ಅಳುತ್ತಲೇ ಕಳುಹಿಸಿದ.

ಕಾಲು ಗಂಟೆಯಲ್ಲಿ ಆ ದೂರು ಅವನ ಇಮೇಲ್ ಪೆಟ್ಟಿಗೆಗೇ ಬಂತು. ಪರಿಶೀಲಕನಿಗೂ ಪ್ರತಿ ಬರುತ್ತದೆ, ಸಹಜ, ಎಂದುಕೊಂಡು ತೆರೆದ. ಗುಂಪಿನ ಮುಖ್ಯಸ್ಥ ಮೇಲೊಂದು ಸಾಲು ಸೇರಿಸಿದ್ದ: "ಈ ತಿದ್ದುಪಡಿ ನೀವೇ ಬರ್ದಿದ್ದಲ್ವಾ ಸರ್? ಏನು ಹೇಳ್ತೀರಿ?" ಅವಳ ಪತ್ರವನ್ನು ಹುಡುಕಿ ತೆಗೆದು, ಮೊದಲ ಬಾರಿಗೆ ಮೇಲಿನಿಂದ ಓದಿದ. ಕಳುಹಿಸುವವರು ಒಬ್ಬರು, ಬರೆದವರು ಇನ್ನೊಬ್ಬರಾದರೆ ಬರೆದವರ ಹೆಸರನ್ನು ಪತ್ರದ ಮೊದಲ ಸಾಲಿನಲ್ಲಿ ಕೊಡುವುದು ಈ ಕಸುಬಿನ ಪದ್ಧತಿ. ದಾಖಲೆಗೆ ಹೋಗುವುದು ಆ ಹೆಸರೇ. ಅಲ್ಲಿದ್ದದ್ದು ಅವನ ಹೆಸರು. ಅದರ ಕೆಳಗೆ ಅವಳು ಬರೆದಿದ್ದಳು: "ಪ್ಯಾಕೆಟ್‌ಗಳನ್ನು ಸಾಲಾಗಿ ನಿಲ್ಲಿಸುವ ಉಪಾಯವೂ, ಈ ದೋಷ ಸರಿಪಡಿಸುವ ದಾರಿಯೂ ನನ್ನ ಚಿಕ್ಕಪ್ಪನದು. ವೇದಿಕೆಯ ಮೇಲೆ ಹೆದರಿಕೆಯಲ್ಲಿ ಹೇಳಲು ಮರೆತೆ. ಆಮೇಲೆ ಹೇಳೋಣವೆಂದರೆ ಅವರು ಫೋನ್ ಎತ್ತುತ್ತಿಲ್ಲ. ಇಲ್ಲಿಯಾದರೆ ಒಂದೊಂದು ಸಾಲನ್ನೂ ಅವರು ತಪ್ಪದೆ ಓದುತ್ತಾರೆ."