ಚಿದ್ರಿಯ ಕರಿ ಡಬ್ಬಿ

ಡಬ್ಬಿ ಸಿಗದಿದ್ದರೆ ನಾಳೆಯಿಂದ ಕ್ಲಾಸು ಬಂದ್ ಎಂದು ಅನ್ವರಿ ಬೇಗಂ ಖಡಾಖಂಡಿತ ಹೇಳಿಬಿಟ್ಟಿದ್ದರು. ಅವರ ಅನುಮಾನ ಸಪನಾಳ ಮೇಲೆಯೇ. ಚಿದ್ರಿಯ ಅವರ ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸಿ ಬದುಕುತ್ತಿದ್ದ ಸಪನಾ ಅಳುತ್ತ ಬಂದು ನಿಂತಾಗ ನೆರೆಮನೆಯ ರತ್ನದೀಪ ತಟ್ಟನೆ ಎದ್ದ. ಅವನ ಗೆಳೆಯ, ನಿವೃತ್ತ ಪೊಲೀಸ್ ಜಮಾದಾರ ಮಚ್ಛೇಂದ್ರ, ಚಪ್ಪಲಿ ಮೆಟ್ಟಿದ.

ಏಕವಚನ, ಬಹುವಚನ ಕಲಿಸಲು ಸಪನಾ ಮೇಜಿನ ಮೇಲೆ ಮನೆಯ ಸಾಮಾನನ್ನೇ ಇಡುತ್ತಿದ್ದಳು. ನಿನ್ನೆಯ ಪಾಠ, ‘ಒನ್ ಬ್ಲ್ಯಾಕ್ ಬಾಕ್ಸ್, ಟೂ ವೈಟ್ ಬಾಕ್ಸಸ್.’ ಬಿಳಿಯವು ಸ್ಟೀಲಿನವು. ಕರಿಯದು ಬೇಗಂ ಅವರ ಮದುವೆಯ ಬಿದರಿ ಪಾನ್‌ಡಬ್ಬಿ, ಕಪ್ಪು ಮೈಗೆ ಬೆಳ್ಳಿಯ ಬಳ್ಳಿ. ಬೆಳಿಗ್ಗೆ ಅದು ಮಾಯ.

ಬೆಳಿಗ್ಗೆ ಓಣಿಗೆ ಬಂದಿದ್ದ ಗುಜರಿಯವನೇ ಕಳ್ಳ ಎಂದು ರತ್ನದೀಪ ತೀರ್ಪು ಕೊಟ್ಟೇಬಿಟ್ಟ. ಮಚ್ಛೇಂದ್ರ ಮಾತ್ರ ಬೇಗಂ ಅವರ ಅಂಗಳದ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತ. ಕಲ್ಲಿನ ಮೇಲೆ ಹುಣಸೆಹಣ್ಣಿನ ಸಿಪ್ಪೆ, ಬೂದಿ. ತಾವು ಹಿತ್ತಾಳೆ ತಿಕ್ಕಿಲ್ಲ ಎಂದರು ಬೇಗಂ. ಕ್ಲಾಸಿಗೆ ಎಲ್ಲರಿಗಿಂತ ಮೊದಲು ಬರುವವಳು ಡಾಬಕಾ ಹಳ್ಳಿಯಿಂದ ಪಕ್ಕದ ಓಣಿಗೆ ಸೊಸೆಯಾಗಿ ಬಂದ ಸ್ನೇಹಲ. ದಿನಾ ಕಸ ಹೊಡೆದು ಮೇಜು ಒರೆಸುತ್ತಾಳಂತೆ.

ಸಂಜೆ ಎಲ್ಲರನ್ನೂ ಕೂರಿಸಿದ ಮಚ್ಛೇಂದ್ರ, ಮೇಜಿನ ಮೇಲೇನಿದೆ ಇಂಗ್ಲಿಷಿನಲ್ಲಿ ಹೇಳೆಂದು ಸಪನಾಳಿಗೆ ಹೇಳಿದ.

“ಒನ್ ಗ್ಲಾಸ್. ಫೋರ್ ಸ್ಪೂನ್ಸ್. ತ್ರೀ ವೈಟ್ ಬಾಕ್ಸಸ್...” ಅವಳು ಡಬ್ಬಿಗಳನ್ನು ಮತ್ತೊಮ್ಮೆ ಎಣಿಸಿದಳು.

“ನಿನ್ನಿ ಬಿಳೀವು ಎರಡೇ ಇದ್ವು. ನಾವೆಲ್ಲಾ ಕರೀದು ಹುಡುಕಿದ್ವಿ, ಇದ್ದದ್ದು ಎಣಿಸಲಿಲ್ಲ,” ಎಂದ ಮಚ್ಛೇಂದ್ರ. ಎರಡರ ಹಿಂದೆ ಬೋರಲಿಟ್ಟಿದ್ದ ಮೂರನೆಯ ಡಬ್ಬಿಯನ್ನು ತಿರುಗಿಸಿದ. ಮಂಕು ಬಿಳುಪಿನಲ್ಲಿ ಬಳ್ಳಿ ಕಂಡೂ ಕಾಣದಂತಿತ್ತು. ಬಿದರಿಯ ಲೋಹ ಹುಟ್ಟಾ ಬಿಳಿಯದು, ಕೋಟೆಯ ಮಣ್ಣು ಹಾಕಿ ಕಪ್ಪು ಮಾಡುತ್ತಾರೆ, ಹುಣಸೆ ಬೂದಿ ತಿಕ್ಕಿದರೆ ಆ ಕಪ್ಪು ಹೋಗುತ್ತದೆ ಎಂದು ಬಿಡಿಸಿ ಹೇಳಿದ. ಕಳ್ಳನಾದರೆ ಒಯ್ಯುತ್ತಿದ್ದ, ತೊಳೆದು ಇಡುತ್ತಿರಲಿಲ್ಲ. ಯಾರ ಕಡೆಗೂ ಅವನು ಬೆರಳು ತೋರಿಸಲಿಲ್ಲ.

ಸ್ನೇಹಲ ತಾನೇ ಎದ್ದಳು. “ಬೆಳ್ಳಿ ಕರ್ರಗಾಗ್ಯದ ಅಂತ ತಿಕ್ಕೀನ್ರಿ. ಬಣ್ಣ ಹೋಗಿದ್ದು ನೋಡಿ ಜೀವಾ ಹಾರಿತ್ರಿ. ಸಪನಾ ಅಕ್ಕಾರ ಮ್ಯಾಲ ಮಾತು ಬಂದಾಗೂ ಬಾಯಿ ಬಿಡಲಿಲ್ಲ, ತಪ್ಪಾಯ್ತ್ರಿ.”

ಬಿದರಿ ಕೆಲಸದ ಶರಫೋದ್ದೀನ ಮತ್ತೆ ಕಪ್ಪು ಹಾಕಿಕೊಡುತ್ತಾನೆ ಎಂದ ಮಚ್ಛೇಂದ್ರ. ಬೇಗಂ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡರು. ನಾಚಿಕೆಯಿಂದ ಅವರ ಮುಖ ಸಣ್ಣಗಾಗಿತ್ತು.

“ನಿನ್ನ ಮ್ಯಾಲ ಶಕ್ ಮಾಡೀನಿ ಸಪನಾ ಬೇಟಿ, ಮಾಫ್ ಮಾಡವ್ವ,” ಎಂದರು. ಆಮೇಲೆ ಸ್ನೇಹಲಳ ಕೈ ಹಿಡಿದರು. “ನಾಳಿ ಕ್ಲಾಸಿಗಿ ಲಗೂನ ಬಾ. ಆದ್ರ ನನ್ನ ಮನ್ಯಾಗ ಏನೂ ತಿಕ್ಕಬ್ಯಾಡ.”